ನೆರಳು ಕಟ್ಟಿದ ಚಿತ್ರಗಾರ: ಸುರೇಂದ್ರನಾಥ ಕರ್

(ಧಾರವಾಡದಾಗ ಚಿತ್ರಕಲಾ ವಿದ್ಯಾರ್ಥಿಗಳ ಮುಂದ ಮಾಡಿದ ಮಾತು, ರೆಕಾರ್ಡಿಂಗ್ ಕೇಳಿ ಬರಹಕ್ಕ ಇಳಿಸಿದ್ದು.)

ಶಾಂತಿನಿಕೇತನಕ್ಕ ಹೋಗಿ ಬಂದವರು ನಮ್ಮ ಕಡೆ ಬೇಕಾದಷ್ಟು ಮಂದಿ ಅದಾರ. ಬಂದ ಮ್ಯಾಲೆ ಮೊಬೈಲ್ ತಗದು ಫೋಟೋ ತೋರಸ್ತಾರ, ಇದು ಕವಿ ರವೀಂದ್ರನಾಥ ಟಾಗೋರರು ಇದ್ದ ಮನಿ, ಇದು ಅವರು ಕುಂಡ್ರತಿದ್ದ ವರಾಂಡಾ, ಇದು ಗಾಂಧೀಜಿ ಬಂದಾಗ ಉಳಕೊಂಡಿದ್ದ ಮಣ್ಣಿನ ಮನಿ ಅಂತ. ಕಟ್ಟಿದವರು ಯಾರ್ರೀ ಅಂತ ಕೇಳಿದ್ರ ಒಂದು ಗಳಿಗಿ ಸುಮ್ಮನಾಗ್ತಾರ. ಯಾರ ಸಲುವಾಗಿ ಕಟ್ಟಿದ್ದು ಅನ್ನೋದು ಎಲ್ಲಾರಿಗೂ ಗೊತ್ತು, ಕಟ್ಟಿದವ ಯಾರು ಅನ್ನೋದು ಗೊತ್ತಿಲ್ಲ. ಸ್ವಲ್ಪ ಕಲಾ ಇತಿಹಾಸ ಓದಿದವರು ಅಲ್ಲಿನ ಚಿತ್ರಗಾರ ನಂದಲಾಲ್ ಬೋಸ್ ಇರಬೇಕು ಅಂತಾರ. ಅದೂ ಪೂರ್ತಿ ಸುಳ್ಳಲ್ಲ, ಆದ್ರ ಅದರ ಹಿಂದ ಇನ್ನೊಂದು ಹೆಸರೈತಿ, ಸುರೇಂದ್ರನಾಥ ಕರ್. ಇವತ್ತು ನಾ ಮಾತಾಡೋದು ಅವರ ಬಗ್ಗೆ.

ಮೊದಲೇ ಹೇಳಿಬಿಡ್ತೀನಿ, ನಾ ಚಿತ್ರಗಾರ ಅಲ್ಲ. ಹುಬ್ಬಳ್ಳಿ-ಧಾರವಾಡದಾಗ ಮನಿ ಪ್ಲ್ಯಾನ್ ಹಾಕಿ ಹೊಟ್ಟಿ ಹೊರದವ. ಅದಕ್ಕ ಅವರ ಚಿತ್ರದ ಬಗ್ಗೆ ನೀವು ನನಗಿಂತ ಚಲೋ ಮಾತಾಡ್ತೀರಿ, ಕಟ್ಟಡದ ಬಗ್ಗೆ ನನಗ ಸ್ವಲ್ಪ ಸಲಿಗಿ ಐತಿ. ಆದ್ರ ಈ ಮನಶ್ಯಾನ ವಿಷಯದಾಗ ಎರಡನ್ನೂ ಬ್ಯಾರೆ ಮಾಡಾಕ ಬರೂದಿಲ್ಲ, ಅದನ್ನ ಹೇಳಾಕ ನಾ ಬಂದಿದ್ದು.

1892ರಾಗ ಹುಟ್ಟಿದವರು. ನಂದಲಾಲ್ ಬೋಸರಿಗೆ ಸಂಬಂಧದಾಗ ತಮ್ಮ ಆಗಬೇಕು, ವಯಸ್ಸಿನಾಗ ಹತ್ತು ವರ್ಷ ಸಣ್ಣವರು. ನಂದಲಾಲರ ಮನೆತನ ಇದ್ದಿದ್ದು ಬಿಹಾರದ ಮುಂಗೇರ್ ಜಿಲ್ಲಾದಾಗ, ಕಲಕತ್ತಾದಿಂದ ಭಾಳ ದೂರ. ಅಂದ್ರ ಇವರು ದೊಡ್ಡ ಶಹರದ ಮನೆತನದಿಂದ ಬಂದವರಲ್ಲ, ಮತ್ತ ಮುಂದ ಜೀವನದ ಹೆಚ್ಚಿನ ಭಾಗ ಕಳದಿದ್ದೂ ಕಲಕತ್ತಾದಾಗ ಅಲ್ಲ, ಬೀರಭೂಮ್ ಜಿಲ್ಲಾದ ಕೆಂಪು ಮಣ್ಣಿನ ಬಯಲಿನಾಗ. ಶುರುವಿಗೆ ಅಣ್ಣ ನಂದಲಾಲರ ಹತ್ರ ಕಲತ್ರು, ಆಮ್ಯಾಲೆ ಬಂಗಾಲದ ದೊಡ್ಡ ಚಿತ್ರಗಾರ, ಟಾಗೋರ್ ಮನೆತನದವರೇ ಆದ ಅವನೀಂದ್ರನಾಥರ ಹತ್ರ. (ಮುಂದ ನಾ ಬರೇ ಟಾಗೋರರು ಅಂದ್ರ ಕವಿ ರವೀಂದ್ರನಾಥರು ಅಂತ ತಿಳೀರಿ.)

ಇಲ್ಲೊಂದು ನಮ್ಮ ಕಡೆಯ ಸುದ್ದಿ ಹೇಳಿ ಮುಂದ ಹೋಗ್ತೀನಿ. ಅವನೀಂದ್ರನಾಥರ ಶಿಷ್ಯರಾಗ ನಮ್ಮವರೂ ಒಬ್ಬರಿದ್ರು, ಮೈಸೂರಿನ ಕೆ. ವೆಂಕಟಪ್ಪ. ನಂದಲಾಲರೂ ವೆಂಕಟಪ್ಪನವರೂ ಕೂಡೇ ಕಲತವರು, ಇಂಗ್ಲೆಂಡಿನ ಕಲಾವಿದೆ ಲೇಡಿ ಹೆರಿಂಗ್‌ಹ್ಯಾಮ್ ಅಜಂತಾದ ಚಿತ್ರ ನಕಲು ಮಾಡಾಕ ಹೋದಾಗ ಇಬ್ಬರೂ ಅಲ್ಲಿ ಹೋಗಿ ಕೆಲಸಾ ಮಾಡ್ಯಾರ. ವೆಂಕಟಪ್ಪನವರು ವಾಪಸ್ ಮೈಸೂರಿಗೆ ಬಂದು ಅರಮನಿ ಕೆಲಸಕ್ಕ ಹತ್ತಿದ್ರು, ಒಬ್ಬರೇ ಇದ್ದು ಒಬ್ಬರೇ ಹೋದ್ರು. ನಂದಲಾಲ್, ಸುರೇಂದ್ರನಾಥ ಇಬ್ಬರೂ ಟಾಗೋರರ ಜೋಡಿ ಹೋದ್ರು. ಒಂದೇ ಗುರುವಿನ ಮನಿಯಿಂದ ಹೊರಬಿದ್ದ ದಾರಿ ಎಲ್ಲೆಲ್ಲಿಗೆ ಹೋಗ್ತಾವ ನೋಡ್ರಿ. ಅದಿರ್ಲಿ.

ಅವನೀಂದ್ರನಾಥರ ಹತ್ರ ಕಲ್ತ ಅಂದ್ರ ವಾಶ್ ಅನ್ನೋ ನೀರುಬಣ್ಣದ ಪದ್ಧತಿ ಕಲ್ತ ಅಂತ ಅರ್ಥ. ಜಪಾನದಿಂದ ಯೊಕೊಯಾಮಾ ತಾಯ್ಕಾನ್, ಹಿಶಿದಾ ಶುನ್ಸೊ ಅಂತ ಇಬ್ಬರು ಕಲಾವಿದರು 1903ರ ಸುಮಾರಿಗೆ ಕಲಕತ್ತಾಕ್ಕ ಬಂದಿದ್ರು, ಅವರನ್ನ ನೋಡಿ ಅವನೀಂದ್ರನಾಥರು ಈ ಪದ್ಧತಿ ಬೆಳಸಿದ್ರು. ನಿಮಗ ಗೊತ್ತೇ ಐತಿ, ಬಣ್ಣಾ ಹಚ್ಚಿ, ಕಾಗದಾ ನೀರಾಗ ಅದ್ದಿ, ಮತ್ತ ಹಚ್ಚಿ, ಮತ್ತ ಅದ್ದಿ, ಹಿಂಗ ಮಾಡ್ತಾ ಮಾಡ್ತಾ ಬೆಳಕಿಗೂ ಕತ್ತಲಿಗೂ ನಡುವಿನ ಗೆರಿ ಕರಗಿ ಹೋಗತೈತಿ, ಎಲ್ಲಿ ಬೆಳಕು ಮುಗೀತು ಎಲ್ಲಿ ನೆರಳು ಶುರುವಾತು ಅಂತ ಬಟ್ಟು ಇಟ್ಟು ತೋರಸಾಕ ಬರೂದಿಲ್ಲ. ಇದನ್ನ ನೆನಪಿಟ್ಕೋರಿ, ಮುಂದ ಕಟ್ಟಡಕ್ಕ ಬಂದಾಗ ನನಗಿದು ಬೇಕಾಗ್ತೈತಿ.

ಕಲಕತ್ತಾದ ಜೋಡಾಸಾಂಕೋದ ಟಾಗೋರ್ ಮನ್ಯಾಗ ವಿಚಿತ್ರಾ ಅಂತ ಒಂದು ಕಲಾ ಕೂಟ ನಡೀತಿತ್ತು, ಸುರೇಂದ್ರನಾಥರು ಅಲ್ಲಿ ಮಾಸ್ತರಾಗಿ ಶುರು ಮಾಡಿದ್ರು. 1917ರಾಗ ಶಾಂತಿನಿಕೇತನದ ಶಾಲಿಗೆ ಚಿತ್ರಕಲಾ ಮಾಸ್ತರಾಗಿ ಹೋದ್ರು, 1919ಕ್ಕ ಅಲ್ಲಿನ ಕಲಾ ಶಾಲಿ ಕಲಾ ಭವನ ಶುರುವಾದ ಮ್ಯಾಲೆ ಅದರಾಗ ಸೇರಿಕೊಂಡ್ರು. 1921ರಾಗ ನಂದಲಾಲ್, ಅಸಿತ್ ಹಲ್ದಾರ್ ಜೋಡಿ ಗ್ವಾಲಿಯರ್ ಸಂಸ್ಥಾನದ ಬಾಘ್ ಗುಹಾಕ್ಕ ಹೋಗಿ ಅಲ್ಲಿನ ಗ್ವಾಡಿ ಚಿತ್ರ ನಕಲು ಮಾಡ್ಕೊಂಡು ಬಂದ್ರು. ಬಾಘ್ ನೋಡದವರು ನಮ್ಮ ಬಾದಾಮಿ ನೆನಸ್ಕೋರಿ, ಮೂರನೇ ಗವಿ, 578ರ ಮಂಗಳೇಶನ ಶಾಸನ ಇರೋದು, ಅದರ ಮ್ಯಾಲ್ಗಡೆ ಅಂಚಿನಾಗ ಅಷ್ಟಿಷ್ಟು ಬಣ್ಣ ಇನ್ನೂ ಉಳದೈತಿ. ನೀವು ಎಷ್ಟು ಮಂದಿ ಅದನ್ನ ತಲಿ ಎತ್ತಿ ನೋಡೀರಿ? ಬಾದಾಮಿ ಅಂದ್ರ ಎಲ್ಲಾರೂ ನಟರಾಜನ ಮುಂದ ಸೆಲ್ಫಿ ತಗೊಂಡು ಬರೋದೇ ಆತು. ಗವಿಯ ಒಳಗ ನಿಂತು ತಿಂಗಳಾನುಗಟ್ಲೆ ಗ್ವಾಡಿ ಚಿತ್ರ ನಕಲು ಮಾಡೋ ಮನಶ್ಯಾಗ ಚಿತ್ರದ ಜೋಡಿ ಇನ್ನೊಂದು ಪಾಠಾನೂ ಆಗತೈತಿ ಅಂತ ನನಗ ಅನಸ್ತೈತಿ. ಹೊರಗಿನ ಬಿಸಲು ಕಂಬದ ಸಾಲು ದಾಟಿ ಒಳಗ ಬರೂದ್ರಾಗ ಎಷ್ಟು ತಣ್ಣಗ ಆಗತೈತಿ, ಚಿತ್ರದ ಮ್ಯಾಲೆ ಯಾವ ಹೊತ್ತಿನ್ಯಾಗ ಎಷ್ಟು ಬೆಳಕು ಬೀಳತೈತಿ, ಇದೆಲ್ಲಾ ಕಣ್ಣಿಗೆ ಕೂತುಬಿಡತೈತಿ.

ಈಗ ಕಟ್ಟಡಕ್ಕ ಬರೂಣು. ಇವರಿಗೆ ಆರ್ಕಿಟೆಕ್ಚರ್ ಡಿಗ್ರಿ ಇರಲಿಲ್ಲ, ಕಾಲೇಜಿನ್ಯಾಗ ಕೂತು ಕಟ್ಟಡ ಕಲಿತವರೇ ಅಲ್ಲ. ಮತ್ತ ಹೆಂಗ ಬಂದ್ರು ಇದಕ್ಕ ಅಂದ್ರ, ಆಶ್ರಮಕ್ಕ ಕಟ್ಟಡ ಬೇಕಾಗಿದ್ವು, ರೊಕ್ಕ ಇರಲಿಲ್ಲ, ಕಲಕತ್ತಾದ ದೊಡ್ಡ ಕಂಪನಿ ಕರಸೋ ತಾಕತ್ತಿಲ್ಲ, ಕರಸೋ ಮನಸ್ಸೂ ಇಲ್ಲ, ಯಾಕಂದ್ರ ಅವರು ಬಂದ್ರ ಕಂಬಾ ಹಾಕಿ ಕಮಾನು ಹಾಕಿ ಸರಕಾರಿ ಆಫೀಸ್ ಕಟ್ಟಿ ಹೋಗ್ತಿದ್ರು. ನಮ್ಮ ಧಾರವಾಡದಾಗೂ ಹಂಗ ಆಗೇತಲ್ರಿ, ಕರ್ನಾಟಕ ಕಾಲೇಜಿನ ಕಟ್ಟಡ ಮೊದಲ ಸದರ್ನ್ ಮರಾಠಾ ರೈಲ್ವೆಯ ಆಫೀಸ್ ಆಗಿತ್ತು, ನೋಡಾಕ ಭಾಳ ಚಂದ, ನನಗೂ ಪ್ರೀತಿ, ಆದ್ರ ಅದು ಕಂಪನಿ ಗತ್ತಿನ ಕಟ್ಟಡ, ದೂರದಿಂದ ಬರಾವರಿಗೆ ಕಾಣಲಿ ಅಂತ ಕಟ್ಟಿದ್ದು. ಟಾಗೋರರಿಗೆ ಅದು ಬ್ಯಾಡಾಗಿತ್ತು. ಹಿಂಗಾಗಿ ಕೈಯಾಗ ಇದ್ದ ಚಿತ್ರಕಲಾ ಮಾಸ್ತರಿಗೇ ಕಟ್ಟೋ ಕೆಲಸಾ ಬಂತು. ಒಂದಾತು, ಎರಡಾತು, ಕಡೀಕ ಅದೇ ಕಸಬಾತು.

ಇನ್ನ ಟಾಗೋರರ ಸ್ವಭಾವ. ಒಂದೇ ಮನ್ಯಾಗ ಭಾಳ ದಿನ ಇರಾಕ ಅವರಿಗೆ ಆಗ್ತಿರಲಿಲ್ಲ. ಉತ್ತರಾಯಣ ಅಂತ ಒಂದು ಆವಾರ ಐತಿ, ಅದರಾಗ ಐದು ಮನಿ ಅದಾವ, ಕೋಣಾರ್ಕ, ಉದಯನ, ಶ್ಯಾಮಲೀ, ಪುನಶ್ಚ, ಉದೀಚಿ. ಐದೂ ಒಬ್ಬ ಮನಶ್ಯಾನ ಸಲುವಾಗಿ! ಒಂದು ಮುಗಿಯೋದ್ರಾಗ ಇನ್ನೊಂದು ಬೇಕು ಅಂತಿದ್ರು. ನಮಗೂ ಹಂಥಾ ಗಿರಾಕಿ ಸಿಗ್ತಾರ, ಪ್ಲಿಂತ್, ಅಂದ್ರ ಪಾಯದ ಕಟ್ಟಿ, ಮುಗದ ಮ್ಯಾಲೆ ಅಡಗಿಮನಿ ಆ ಕಡೆ ಒಯ್ಯೂಣು ಅನ್ನಾವರು. ನಾವು ಸಿಟ್ಟಿಗೇಳತೀವಿ. ಸುರೇಂದ್ರನಾಥರು ಏನು ಮಾಡಿದ್ರೋ, ಆದ್ರ ಕಟ್ಟಡ ನೋಡಿದ್ರ ಆ ಬದಲಾವಣಿನ್ನೆಲ್ಲಾ ಅವರು ಒಳಗ ತಗೊಂಡಾರ ಅನ್ನೋದು ಕಾಣತೈತಿ. ಉದಯನ ಅನ್ನೋ ಮನಿ ಒಮ್ಮೆಲೇ ಕಟ್ಟಿದ್ದಲ್ಲ, ವರ್ಷ ವರ್ಷ ಒಂದೊಂದು ಖೋಲಿ ಕೂಡ್ತಾ ಹೋಗೇತಿ. ಒಂದು ಖೋಲಿಯಿಂದ ಇನ್ನೊಂದಕ್ಕ ಹೋಗಬೇಕಂದ್ರ ಎರಡು ಮೆಟ್ಲ ಏರಬೇಕು, ಅಲ್ಲಿಂದ ಮೂರು ಇಳೀಬೇಕು. ಕೋಣಾರ್ಕದಾಗೂ ಹಂಗ, ನೆಲಾ ಒಂದೇ ಲೆವೆಲ್ಲಿನಾಗ ಇಲ್ಲ.

ಇಂಜಿನಿಯರ್ ಕಣ್ಣಿಗೆ ಇದು ತಪ್ಪು. ಲೆವೆಲ್ ಬದಲಾದ್ರ ಖರ್ಚು ಜಾಸ್ತಿ, ವಯಸ್ಸಾದವರು ಎಡವತಾರ, ನೀರು ನಿಲ್ಲತೈತಿ. ಆದ್ರ ನೀವು ಮೊಘಲ್ ಅಥವಾ ರಾಜಪೂತ್ ಮಿನಿಯೇಚರ್ ನೋಡೀರಲ್ಲ, ಅದರಾಗ ದೂರದ್ದು ಸಣ್ಣಗ ಕಾಣಸೋ ಪರ್ಸ್ಪೆಕ್ಟಿವ್ ಹೆಚ್ಚಾಗಿ ಇರೂದಿಲ್ಲ. ಮುಂದ ಒಂದು ಕಟ್ಟಿ, ಅದರ ಮ್ಯಾಲೆ ಒಂದು ಮಂಟಪ, ಅದರ ಮ್ಯಾಲೆ ಮಾಳಗಿ, ಅಲ್ಲೊಬ್ಬಾಕಿ ನಿಂತಾಳ, ಕೆಳಗ ಇನ್ನೊಬ್ಬಾಕಿ ಕುಂತಾಳ, ಒಂದೊಂದು ನೆಲದ ಮ್ಯಾಲೆ ಒಂದೊಂದು ಕತಿ ನಡದಿರತೈತಿ. ಅವನೀಂದ್ರನಾಥರ ಶಿಷ್ಯರೆಲ್ಲಾ ಈ ಮಿನಿಯೇಚರ್ ನೋಡಿ ನೋಡಿ ಬೆಳದವರು. ನನ್ನ ಲೆಕ್ಕದಾಗ ಉದಯನದ ಪ್ಲ್ಯಾನ್ ಅಲ್ಲಿಂದ ಬಂದಿದ್ದು. ಕಾಗದದ ಮ್ಯಾಲಿನ ನೆಲಾನ ಭೂಮಿ ಮ್ಯಾಲೆ ಇಳಿಸ್ಯಾರ. ಇದಕ್ಕ ನನ್ನ ಹತ್ರ ಕಾಗದ ಪತ್ರದ ಸಾಕ್ಷಿ ಇಲ್ಲ, ಕಟ್ಟಡಾನೇ ಸಾಕ್ಷಿ.

ಇನ್ನ ಬೆಳಕು. ಬೀರಭೂಮ್ ಬ್ಯಾಸಗಿ ನಮ್ಮ ಗದಗ-ರೋಣದ ಕಡೆ ಬ್ಯಾಸಗಿಗೆ ಏನೂ ಕಮ್ಮಿ ಇಲ್ಲ, ಕೆಂಪು ಮುರಕಲ್ಲಿನ ಬಯಲು, ನಾಲ್ವತ್ತು ಡಿಗ್ರಿ ಸಾದಾ. ಅಂಥಲ್ಲಿ ಆವಾರದಿಂದ ಸೀದಾ ಖೋಲಿಗೆ ಹೋಗೋ ಹಂಗ ಅವರು ಎಲ್ಲೂ ಇಟ್ಟಿಲ್ಲ. ಗಿಡದ ನೆರಳು, ಅಲ್ಲಿಂದ ತೆರದ ವರಾಂಡಾ, ಅಲ್ಲಿಂದ ತಗ್ಗಿನ ಸೂರಿನ ಇನ್ನೊಂದು ವರಾಂಡಾ, ಆಮ್ಯಾಲೆ ಖೋಲಿ. ಹೊರಗಿನ ಬೆಳಕು ನಾಲ್ಕು ಸಲ ಸೋಸಿ ಒಳಗ ಬರತೈತಿ. ಆಗಲೇ ವಾಶ್ ನೆನಪಿಟ್ಕೋರಿ ಅಂದಿದ್ನಲ್ಲ, ಇದಕ್ಕ. ಕಾಗದಾನ ನಾಲ್ಕು ಸಲ ಅದ್ದಿದ ಕೈ ಇಲ್ಲಿ ಬೆಳಕನ್ನ ನಾಲ್ಕು ಸಲ ಅದ್ದೇತಿ. ಇದು ಕಾಲೇಜಿನ ಪುಸ್ತಕದಾಗ ಸಿಗೋ ಪಾಠ ಅಲ್ರಿ, ಕಣ್ಣು ಪಳಗಿದ್ರ ಮಾತ್ರ ಬರೂದು.

ಈಗ ನಮ್ಮ ಹೊಸಾ ಲೇಔಟಿನ ಮನಿ ನೋಡ್ರಿ. ಸೈಟ್ ಮೂವತ್ತು ನಾಲ್ವತ್ತು, ಗೇಟ್ ತಗದ್ರ ಪಾರ್ಕಿಂಗ್, ಪಾರ್ಕಿಂಗಿನಿಂದ ಸೀದಾ ಹಾಲ್. ಎಲಿವೇಶನ್ ಮ್ಯಾಲೆ ಗ್ಲಾಸ್, ಪಡುವಣ ದಿಕ್ಕಿಗೆ! ಆಮ್ಯಾಲೆ ಒಳಗ ಕರ್ಟನ್ ಹಾಕಿ ಹಗಲೊತ್ತಿನ್ಯಾಗ ಲೈಟ್ ಹಚ್ಕೊಂಡು ಎಸಿ ಕೆಳಗ ಕುಂಡ್ರೋದು. ನಾನೂ ಅಂಥಾ ಪ್ಲ್ಯಾನ್ ಹಾಕಿಕೊಟ್ಟೀನಿ, ಗಿರಾಕಿ ಕೇಳಿದ್ರ ಏನ್ ಮಾಡ್ತೀರಿ. ವಾಸ್ತು ಪ್ರಕಾರ ಬಾಗಲಾ ಎರಡು ಅಡಿ ಸರಸಾಕ ತಯಾರಿರೋ ಮನಶ್ಯಾ ಬಿಸಲಿನ ಸಲುವಾಗಿ ಒಂದು ಪಡಸಾಲಿ ಬಿಡ್ರಿ ಅಂದ್ರ ಜಾಗಾ ವೇಸ್ಟ್ ಆಗತೈತಿ ಅಂತಾನ.

1927ರಾಗ ಟಾಗೋರರು ಮಲಯಾ, ಜಾವಾ, ಬಾಲಿ, ಸಯಾಮ್ ಕಡೆ ಹೋದಾಗ ಜೋಡಿ ಹೋದವರು ಸುನೀತಿಕುಮಾರ್ ಚಟರ್ಜಿ, ಧೀರೇಂದ್ರಕೃಷ್ಣ ದೇಬ್ ಬರ್ಮನ್, ಮತ್ತ ನಮ್ಮ ಸುರೇಂದ್ರನಾಥರು. ಭಾಷಾಶಾಸ್ತ್ರಿ ಸುನೀತಿಕುಮಾರರು ಭಾಷಾ ನೋಡಿದ್ರು, ಇವರು ಜಾವಾದ ಬೌದ್ಧ ಸ್ತೂಪ ಬೊರೊಬುದುರ್ ನೋಡಿದ್ರು. ಬೊರೊಬುದುರ್ ಅಂದ್ರ ಅದೂ ಲೆವೆಲ್ ಮ್ಯಾಲೆ ಲೆವೆಲ್, ಏರಿಕೋತ ಸುತ್ತಿಕೋತ ಹೋಗೋ ಕಟ್ಟಡ. ವಾಪಸ್ ಬಂದ ಮ್ಯಾಲಿನ ಕೆಲಸದಾಗ ಆ ಕಡೆ ಗುರುತು ಕಾಣತಾವ. ಟಾಗೋರರ ನಾಟಕ, ನೃತ್ಯನಾಟಕದ ರಂಗಸಜ್ಜಿಕಿನೂ ನಂದಲಾಲರ ಜೋಡಿ ಇವರೇ ನೋಡ್ಕೊಂತಿದ್ರು. ನಾಟಕದ ಸ್ಟೇಜ್ ಕಟ್ಟೋ ಮನಶ್ಯಾಗ ಒಂದು ರೂಢಿ ಬರತೈತಿ, ಕಮ್ಮಿ ಸಾಮಾನಿನ್ಯಾಗ, ಕಮ್ಮಿ ರೊಕ್ಕದಾಗ, ನಾಳೆ ಸಂಜಿಗೆ ಮುಗೀಬೇಕು ಅನ್ನೋದು. ಆ ರೂಢಿ ಮುಂದ ಇವರಿಗೆ ಕೆಲಸಕ್ಕ ಬಂತು.

ಈಗ ಶ್ಯಾಮಲೀ. ಇವತ್ತಿನ ಮಾತಿನ ಮುಖ್ಯ ಭಾಗ ಇದು.

1935ರಾಗ ಟಾಗೋರರಿಗೆ ಮಣ್ಣಿನ ಮನಿ ಬೇಕನಿಸ್ತು. ಗ್ವಾಡಿ ಅಷ್ಟ ಅಲ್ಲ, ಮಾಳಗಿನೂ ಮಣ್ಣಿಂದು. ಆ ಕಡೆ ಹಳ್ಳ್ಯಾಗ ಗ್ವಾಡಿ ಮಣ್ಣಿಂದು ಇರತೈತಿ, ಆದ್ರ ಮ್ಯಾಲೆ ಹುಲ್ಲು ಹೊದಸ್ತಾರ, ಬ್ಯಾಸಗಿ ಬಂತಂದ್ರ ಬೆಂಕಿ ಹತ್ತಿ ಹತ್ತಿ ಸುಡತಾವ. ಮಾಳಗಿನೂ ಮಣ್ಣಿಂದಾದ್ರ ಬೆಂಕಿ ಭಯ ಇಲ್ಲ, ಬಡವರಿಗೂ ಆಗತೈತಿ, ಮೊದಲ ನನ್ನ ಮನಿ ಮ್ಯಾಲೇ ಪ್ರಯೋಗ ಆಗಲಿ, ಹಿಂಗ ವಿಚಾರ. ಎಪ್ಪತ್ನಾಲ್ಕು ವರ್ಷದ ಜಗತ್ಪ್ರಸಿದ್ಧ ಕವಿ ಪ್ರಯೋಗದ ಮನ್ಯಾಗ ಇರತೀನಿ ಅಂತ ಹೇಳಿದ್ರ ಕಟ್ಟೋನ ಎದಿ ಹೆಂಗ ಹೊಡಕೋಬೇಕು, ಅದನ್ನ ನಮ್ಮಂಥವರಿಗೆ ಕೇಳ್ರಿ.

ಸುರೇಂದ್ರನಾಥರು ಮಣ್ಣಿನ ಗಡಿಗಿ ತಗೊಂಡ್ರು. ಗಡಿಗಿ ಸಾಲಾಗಿ ಜೋಡಿಸಿ ಅದರ ಸುತ್ತ ಮಣ್ಣು ಮೆತ್ತಿಸಿದ್ರು. ಗಡಿಗ್ಯಾಗ ಗಾಳಿ ಇರತೈತಿ, ಗಾಳಿ ಬಿಸಿ ದಾಟಾಕ ಬಿಡೂದಿಲ್ಲ, ಒಳಗ ತಣ್ಣಗ ಇರತೈತಿ, ಮತ್ತ ಬರೇ ಮಣ್ಣಿನಕಿಂತ ಭಾರಾನೂ ಕಮ್ಮಿ. ಈಗ ಫಿಲ್ಲರ್ ಸ್ಲ್ಯಾಬ್ ಅಂತ ಕಾಂಕ್ರೀಟಿನ ನಡುವ ಹಂಚು ಇಟ್ಟು ಹಾಕ್ತಾರಲ್ಲ, ಲೆಕ್ಕಾ ಹೆಚ್ಚುಕಮ್ಮಿ ಅದೇ. ಹೊರಗ ಗ್ವಾಡಿ ಮ್ಯಾಲೆ ನಂದಲಾಲರು, ಅವರ ಹುಡುಗ್ರು ಉಬ್ಬು ಚಿತ್ರ ಮಾಡಿದ್ರು, ಸಂತಾಲ ಹೆಣ್ಣು ಗಂಡಿನ ಉಬ್ಬು ಚಿತ್ರ ಕಲಾ ಭವನದ ಶಿಲ್ಪಿ ರಾಮಕಿಂಕರ್ ಬೈಜ್ ಅವರ ಕೈಯಿಂದಾಗಿದ್ದು. 1940ರಾಗ ಗಾಂಧೀಜಿ, ಕಸ್ತೂರಬಾ ಬಂದಾಗ ಇಲ್ಲೇ ಉಳಕೊಂಡ್ರು.

ಈಗ ನೀವು ಹೇಳ್ರಿ, ಮಣ್ಣಿನ ಮಾಳಗಿ ನಮಗ ಹೊಸದೇನು? ನವಲಗುಂದ, ಅಣ್ಣಿಗೇರಿ, ರೋಣ, ಗಜೇಂದ್ರಗಡ, ಆ ಕಡೆ ಹಳೇ ಮನಿ ಎಲ್ಲಾ ಮಣ್ಣಿನ ಮಾಳಗಿವೇ. ಕಂಬಾ, ಕಂಬದ ಮ್ಯಾಲೆ ತೊಲಿ, ತೊಲಿ ಮ್ಯಾಲೆ ಜಂತಿ, ಜಂತಿ ಮ್ಯಾಲೆ ಹಲಗಿನೋ ಕಟಗಿನೋ, ಅದರ ಮ್ಯಾಲೆ ಮಣ್ಣು. ಬೆಳಕಿಗೆ ನಡುವ ಬೆಳಕಿಂಡಿ. ಆದ್ರ ಎಲ್ಲಾ ಮಣ್ಣು ನಡಿಯೂದಿಲ್ಲ. ಎರಿ ಮಣ್ಣು ಹಾಕಿದ್ರ ಬ್ಯಾಸಗ್ಯಾಗ ಬಿರೀತೈತಿ, ಮಳಿ ಬಿದ್ದ ಕೂಡಲೇ ಉಬ್ಬತೈತಿ, ಬಿರಿಕಿನಾಗ ನೀರು ಸೀದಾ ಕೆಳಗ. ಅದಕ್ಕ ಹುಡುಕಿ ಕರ್ಲ ಮಣ್ಣು ತರತಿದ್ರು, ಅದು ನೀರು ಕುಡದು ಬಿಗಿ ಆಗಿ ಕುಂಡರತೈತಿ, ನೀರು ಮ್ಯಾಲಿಂದ ಮ್ಯಾಲೇ ಹರದು ಹೋಗತೈತಿ. ಮಳಿಗಾಲಕ್ಕ ಮೊದಲ ಮಾಳಗಿ ಹತ್ತಿ ಹುಲ್ಲು ಕಿತ್ತು ಹೊಸಾ ಮಣ್ಣು ಹಾಕೋದು ಮನಿ ಮನಿಯ ವಾರ್ಷಿಕ ಕೆಲಸ. ಯಾವ ಇಂಜಿನಿಯರ್ ಹೇಳಿಕೊಟ್ಟಿದ್ದ ಇದನ್ನ?

ಹಂಗಂದ್ರ ಸುರೇಂದ್ರನಾಥರು ಮಾಡಿದ್ದು ದೊಡ್ಡದಲ್ಲ ಅಂತಲ್ಲ. ಬೀರಭೂಮಿನ ಮಳಿ ನಮ್ಮ ರೋಣದ ಮಳಿ ಅಲ್ಲ, ಅದರ ಎರಡು ಪಟ್ಟಿಗಿಂತ ಜಾಸ್ತಿ ಬೀಳತೈತಿ. ಅಲ್ಲಿ ಮಣ್ಣಿನ ಮಾಳಗಿ ನಿಲ್ಲಸೋದು ಜಗಳಾ ಇದ್ದಂಗ. ಶ್ಯಾಮಲೀ ಕಟ್ಟಿದ ಮರುವರ್ಷನೇ ಟಾಗೋರರು ಪುನಶ್ಚ ಅನ್ನೋ ಮನಿಗೆ ಹ್ವಾದ್ರು. ಶ್ಯಾಮಲೀಗೆ ರಿಪೇರಿ ತಪ್ಪಲಿಲ್ಲ, ಈಚೀಚೆ ಪುರಾತತ್ವ ಇಲಾಖೆಯವರೂ ಅದನ್ನ ರಿಪೇರಿ ಮಾಡ್ಯಾರ. ಪ್ರಯೋಗ ಗೆದ್ದಿತೋ ಸೋತಿತೋ ಅಂತ ಕೇಳಿದ್ರ, ಹಳ್ಳಿ ಹಳ್ಳಿಗೆ ಹೋಗಲಿಲ್ಲ ಅನ್ನೋ ಲೆಕ್ಕದಾಗ ಸೋತಿತು ಅಂತೀನಿ. ಇದನ್ನ ಮುಚ್ಚಿಟ್ಟು ಬರೇ ಹೊಗಳಬಾರದು. ಕಟ್ಟಡ ನೋಡಾಕ ಬೌದ್ಧರ ಗವಿ-ಗುಡಿ ಚೈತ್ಯದಂಗ ಗುಂಡಗ, ತಗ್ಗಿಗೆ, ಭೂಮಿಯಿಂದ ಎದ್ದಂಗ ಐತಿ, ಆ ಚಂದ ಬೇಕಾದವ ರಿಪೇರಿಗೂ ತಯಾರಿರಬೇಕು. ನಮ್ಮ ಅಜ್ಜಂದಿರು ತಯಾರಿದ್ರು. ನಾವು ಇಲ್ಲ, ಅದಕ್ಕ ಆ ಮಾಳಗಿ ಕೆಡವಿ ಸ್ಲ್ಯಾಬ್ ಹಾಕಸ್ತಿದೀವಿ, ಹಾಕಿಸಿ ಏಪ್ರಿಲ್‌ನ್ಯಾಗ ಸೆಕೆ ಸೆಕೆ ಅಂತ ಒದ್ದಾಡತೀವಿ.

ಅದೇ ಸುಮಾರಿಗೆ ಕಲಾ ಭವನದಾಗ ಕಾಲೋ ಬಾಡಿ, ಅಂದ್ರ ಕರೀ ಮನಿ, ಆತು. ಹುಡುಗ್ರ ಹಾಸ್ಟೆಲ್. ಮಣ್ಣಿನ ಗ್ವಾಡಿ ಮಳ್ಯಾಗ ಕರಗಬಾರದು ಅಂತ ಡಾಂಬರು ಬಳದಾರ, ಅದಕ್ಕ ಕರ್ರಗ. ಗ್ವಾಡಿ ತುಂಬ ಉಬ್ಬು ಚಿತ್ರ, ಭಾರ್ಹುತ್, ಮಹಾಬಲಿಪುರ, ಈಜಿಪ್ಟ್, ಅಸ್ಸೀರಿಯಾ, ಎಲ್ಲಾ ಕಡೆಯವೂ ಬಂದಾವ, ಮಾಸ್ತರು ಹುಡುಗ್ರು ಕೂಡಿ ಮಾಡಿದ್ದು. ಇದರ ಹತ್ರನೇ ಚೈತ್ಯ ಅಂತ ಒಂದು ಸಣ್ಣ ಗೂಡಿನಂಥಾ ಕಟ್ಟಡ, ಒಳಗ ಒಂದೋ ಎರಡೋ ಕಲಾಕೃತಿ ಇಡೂದು, ಹೋಗೋರು ಬರೋರು ನೋಡಲಿ ಅಂತ. ಮ್ಯೂಸಿಯಂ ಬ್ಯಾಡ, ಟಿಕೆಟ್ ಬ್ಯಾಡ. ಇದನ್ನ ನಮ್ಮ ಕಾಲೇಜಿನ ಆವಾರದಾಗೂ ಮಾಡಬಹುದು, ಖರ್ಚು ಹೆಚ್ಚಿಗೇನಿಲ್ಲ, ಪ್ರಿನ್ಸಿಪಾಲರು ಇಲ್ಲೇ ಕುಂತಾರ, ಅದಕ್ಕ ಹೇಳ್ದೆ.

ಬಡತನದಾಗಷ್ಟೇ ಕಟ್ಟಬಲ್ಲವರು ಅಂತ ತಿಳೀಬ್ಯಾಡ್ರಿ. ಅಹಮದಾಬಾದಿನ ಶಾಹಿಬಾಗದಾಗ ಅಂಬಾಲಾಲ್ ಸಾರಾಭಾಯಿ ಅವರ ‘ರಿಟ್ರೀಟ್’ ಬಂಗಲೆ ಇವರ ಡಿಸೈನ್. ಬಾಹ್ಯಾಕಾಶದ ವಿಕ್ರಂ ಸಾರಾಭಾಯಿ ಇದ್ದಾರಲ್ಲ, ಅವರ ತಂದಿ ಮನಿ. ಈಗ ಕ್ಯಾಲಿಕೊ ಟೆಕ್ಸ್‌ಟೈಲ್ ಮ್ಯೂಸಿಯಂ ಇರೋದು ಆ ಆವಾರದಾಗ. ಗಿರಣಿ ಮಾಲಕರ ಮನಿ, ರೊಕ್ಕದ ಚಿಂತಿ ಇಲ್ಲ. ಶಾಂತಿನಿಕೇತನದಾಗ ಸಿಂಹಸದನ ಇವರದೇ ಅಂತಾರ, 1940ರಾಗ ಆಕ್ಸ್‌ಫರ್ಡಿನವರು ಅಲ್ಲಿಗೇ ಬಂದು ಟಾಗೋರರಿಗೆ ಡಾಕ್ಟರೇಟ್ ಕೊಟ್ಟ ಜಾಗಾ.

ಇವರದೇ ಅಂತಾರ ಅಂದೆ. ಅಲ್ಲೇ ತೊಡಕು ಇರೂದು. ಈ ಮನಿಗಳಿಗೆ ಟಾಗೋರರ ವಿಚಾರ ಐತಿ, ಮಗ ರಥೀಂದ್ರನಾಥರ ಕೈ ಐತಿ, ಅವರಿಗೂ ಡಿಸೈನ್ ಹುಚ್ಚು ಜೋರ ಇತ್ತು, ನಂದಲಾಲರ ಕಣ್ಣು ಐತಿ, ಮರಗೆಲಸಕ್ಕ ಕಾಸಾಹಾರಾ ಅಂತ ಜಪಾನಿ ಬಡಿಗ್ಯಾರ ಬಂದಿದ್ರು, ಸುತ್ತಲಿನ ಹಳ್ಳಿಯ ಗೌಂಡಿ, ಸಂತಾಲ ಆಳುಗಳ ಬೆವರು ಐತಿ. ಇದು ಇಷ್ಟು ಅವರದು ಇದು ಇಷ್ಟು ಇವರದು ಅಂತ ಪಾಲು ಮಾಡಾಕ ಬರೂದಿಲ್ಲ, ಮಾಡಲೂ ಬಾರದು. ಆದ್ರ ಸೈಟಿನ ಮ್ಯಾಲೆ ನಿಂತು, ಮ್ಯಾಲಿನವರ ಮಾತು ಕೇಳಿ, ಅದನ್ನ ಗೌಂಡಿಗೆ ತಿಳಿಯೋ ಭಾಷಾದಾಗ ಹೇಳಿ, ತೊಲಿ ಎಲ್ಲಿ ಬರತೈತಿ ಅಂತ ತೀರ್ಮಾನ ಮಾಡೋನು ಒಬ್ಬ ಇರಬೇಕು. ಅವ ಇಲ್ಲಂದ್ರ ಉಳದವರ ವಿಚಾರ ವಿಚಾರಾಗೇ ಉಳೀತೈತಿ. ಅವನ ಹೆಸರೇ ಮೊದಲ ಮರೆತು ಹೋಗತೈತಿ ಅನ್ನೋದು ಈ ಕಸಬಿನ್ಯಾಗ ನನಗ ಚಲೋ ಗೊತ್ತೈತಿ. ಲಕ್ಕುಂಡಿಗೆ ಹೋದ್ರ ಅತ್ತಿಮಬ್ಬೆ ಹೆಸರು ಎಲ್ಲಾರೂ ಹೇಳ್ತಾರ, ಬಸದಿ ಕಟ್ಟಿದ ಓಜ ಯಾರು ಅಂತ ಕೇಳಾವರು ಕಮ್ಮಿ.

ಅವರ ಚಿತ್ರಗಳ ಬಗ್ಗೆ ಒಂದೇ ಮಾತು. ವಾಶ್, ಟೆಂಪೆರಾ, ಲಿಥೋಗ್ರಫಿ ಎಲ್ಲಾ ಮಾಡ್ಯಾರ. ಆದ್ರ ಕಟ್ಟೋ ಕೆಲಸ ಮಾಡಕೋತ ಬಂದಂಗ ಚಿತ್ರದ ಹೊತ್ತು ಕಟ್ಟಡಕ್ಕ ಹೋತು. ಇದನ್ನ ಕೆಲವರು ನುಕ್ಸಾನು ಅಂತಾರ. ನನಗ ಹಂಗ ಅನಸೂದಿಲ್ಲ, ಕಾಗದ ಬದಲಾತು ಅಷ್ಟ. 1959ರಾಗ ಪದ್ಮಶ್ರೀ ಬಂತು, 1970ರಾಗ ತೀರಕೊಂಡ್ರು. 2023ರಾಗ ಯುನೆಸ್ಕೋದವರು ಶಾಂತಿನಿಕೇತನವನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದಾಗ ಪೇಪರಿನ್ಯಾಗ ಎಲ್ಲಾ ಟಾಗೋರರ ಫೋಟೋ ಬಂತು. ಬರಲಿ, ಬ್ಯಾಡ ಅನ್ನಾಕ ನಾವ್ಯಾರು. ಕಟ್ಟಿದವರದೂ ಒಂದು ಬಂದಿದ್ರ ಚಲೋ ಇತ್ತು.

ಮುಂದಿನ ಸಾಲಿನ ತಂಗಿ ಒಬ್ಬಾಕಿ ಚೀಟಿ ಕಳಿಸ್ಯಾಳ, ಚಿತ್ರಕಲಾ ಓದಿದವರು ಈಗ ಹಿಂಗ ಆರ್ಕಿಟೆಕ್ಟ್ ಆಗಬಹುದೇನ್ರೀ ಸರ್ ಅಂತ. ಇಲ್ಲವ್ವಾ, 1972ರಾಗ ಆರ್ಕಿಟೆಕ್ಟ್ಸ್ ಕಾಯ್ದೆ ಬಂತು, ಓದಿ ಕೌನ್ಸಿಲಿನಾಗ ಹೆಸರು ನೋಂದಾಯಿಸಿದವರು ಮಾತ್ರ ಆ ಹೆಸರಿನ ಬೋರ್ಡ್ ಹಾಕಬಹುದು. ಬೋರ್ಡ್ ಹಾಕಾಕ ಬರೂದಿಲ್ಲ. ಆದ್ರ ನಿಮ್ಮ ಊರಾಗ ನಿಮ್ಮ ಮನಿ ಮಾಳಗಿ ಕೆಡವಾಕ ಹತ್ತಿದಾಗ, ಪಡಸಾಲಿಯ ನೆರಳಾದ್ರೂ ಉಳಿಸ್ರಿ ಅಂತ ಇಂಜಿನಿಯರ್ ಜೋಡಿ ಜಗಳಾ ಮಾಡಾಕ ಯಾವ ಕಾಯ್ದೆನೂ ಅಡ್ಡ ಬರೂದಿಲ್ಲ. ಕೆಡವೋದಕ್ಕ ಮೊದಲ ಒಂದು ಸ್ಕೆಚ್ ಆದ್ರೂ ಮಾಡಿ ಇಟ್ಕೋರಿ, ಜಂತಿ ಎಣಿಸಿ, ಬೆಳಕಿಂಡಿ ಎಲ್ಲಿತ್ತು ಅಂತ ಅಳತಿ ಹಾಕಿ.

ಇನ್ನ ನಿಮ್ಮ ಸ್ಟಡಿ ಟೂರಿನ ಸುದ್ದಿ ಮಾಸ್ತರು ಹೇಳಿದ್ರು. ಹಾವಡಾದಿಂದ ಬೋಲ್‌ಪುರ್ ರೈಲು ಮೂರು ತಾಸಿನ ಒಳಗ ಮುಟ್ಟಸ್ತೈತಿ. ಬುಧವಾರ ಹೋಗಬ್ಯಾಡ್ರಿ, ಅಲ್ಲಿನ ವಿಶ್ವಭಾರತಿ ವಿಶ್ವವಿದ್ಯಾಲಯಕ್ಕ ಅವತ್ತು ಸೂಟಿ. ಉತ್ತರಾಯಣಕ್ಕ ಬೆಳಿಗ್ಗೆ ಹೋಗ್ರಿ, ಮಧ್ಯಾಹ್ನ ಮತ್ತೊಮ್ಮೆ ಹೋಗ್ರಿ, ವರಾಂಡಾದ ನೆರಳು ಎಲ್ಲಿಂದ ಎಲ್ಲಿಗೆ ಸರದೈತಿ ಅಂತ ಸ್ಕೆಚ್ ಬುಕ್ಕಿನಾಗ ಗುರ್ತು ಹಾಕ್ಕೊಂಡು ಬರ್ರಿ, ಬಂದ ಮ್ಯಾಲೆ ನನಗೂ ಒಂದು ಕಾಪಿ ಕೊಡ್ರಿ.